ಸ್ಕಿಜೋಫ್ರೇನಿಯಾ ಜೊತೆಗೆ ಶುಗರ್, ಬಿಪಿ: ಮನೆಯಲ್ಲಿ ಮಾಡಬೇಕಾದ ಔಷಧೇತರ ಶುಶ್ರೂಷೆ

ಮಂಗಳವಾರ ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್‌ನಲ್ಲಿ ಡಾಕ್ಟರು ಮಾತ್ರೆ ಬರೆದುಕೊಡುತ್ತಾರೆ. ಮುಂದಿನ ಭೇಟಿಯವರೆಗೆ ಕಾಯಿಲೆ ಇರುವುದು ಮನೆಯಲ್ಲಿ. ಸ್ಕಿಜೋಫ್ರೇನಿಯಾ (ಇಲ್ಲದ ಧ್ವನಿ, ಅನುಮಾನ ಕಾಡುವ ಕಾಯಿಲೆ), ಬೈಪೋಲಾರ್ (ಉನ್ಮಾದ, ಖಿನ್ನತೆ ಸರದಿಯಲ್ಲಿ ಬರುವ ಕಾಯಿಲೆ) ಅಥವಾ ಹಳೆಯ ಖಿನ್ನತೆ ಇರುವವರಿಗೆ ಶುಗರ್, ಬಿಪಿ, ಬೊಜ್ಜು ಅಂಟಿಕೊಳ್ಳುವುದು ಅಪರೂಪವೇನಲ್ಲ. ಒಲಾಂಜಪಿನ್, ಕ್ಲೋಜಪಿನ್‌ನಂಥ ಮಾತ್ರೆಗಳೇ ಹಸಿವನ್ನೂ ತೂಕವನ್ನೂ ಏರಿಸುತ್ತವೆ. ಬೀಡಿ, ಓಡಾಟವಿಲ್ಲದ ದಿನಚರಿ, ಹೊತ್ತಲ್ಲದ ಹೊತ್ತಿನ ಊಟ ಅದಕ್ಕೆ ಕೈಜೋಡಿಸುತ್ತವೆ.

ಮನಸ್ಸಿನ ಕಾಯಿಲೆಯ ಚೀಟಿ ಒಬ್ಬ ಡಾಕ್ಟರ ಹತ್ತಿರ, ಶುಗರ್ ಚೀಟಿ ಇನ್ನೊಬ್ಬರ ಹತ್ತಿರ. ಎರಡನ್ನೂ ಒಂದೇ ದೇಹದಲ್ಲಿ ನೋಡುವವರು ಮನೆಗೆ ಹೋಗುವ ನರ್ಸ್, ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ (ಸಿಎಚ್‌ಒ), ಇಲ್ಲವೇ ಮನೆಯವರೇ. ಈ ಬರಹ ಅವರಿಗಾಗಿ. ಉಪ್ಪು ಕಡಿಮೆ ಮಾಡಿ, ಬೀಡಿ ಬಿಡಿ, ಬೇಗ ಏಳಿ ಎನ್ನುವ ಸಲಹೆಗಳು ಒಂದು ಕಾಯಿಲೆಗೆ ಸರಿಯಾಗಿದ್ದು ಇನ್ನೊಂದಕ್ಕೆ ಅಪಾಯ ತರುವ ಸಂದರ್ಭಗಳುಂಟು. ಮನೆಯಲ್ಲಿ ನಡೆಯುವ ಬಹುಪಾಲು ಎಡವಟ್ಟುಗಳು ಅಲ್ಲೇ ಆಗುವುದು. ಆದ್ದರಿಂದ ಪ್ರತಿ ಸಲಹೆ ಕೊಡುವ ಮುನ್ನ ಆ ವ್ಯಕ್ತಿಯ ಎಲ್ಲ ಮಾತ್ರೆಗಳ ಪಟ್ಟಿ ನಿಮ್ಮ ಕೈಯಲ್ಲಿರಬೇಕು.

ಇದು ಸಾಮಾನ್ಯ ನರ್ಸ್‌ಗಳ ಕೈಮೀರಿದ ಕೆಲಸವಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಯಿಂದಲೇ ಮಾನಸಿಕ ಆರೋಗ್ಯದ ಕೆಲಸ ಮಾಡಿಸಿ ತೋರಿಸಿದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿ ಮಾದರಿಯೇ ಬುನಾದಿ.

ಮೊದಲ ಭೇಟಿ: ಸಲಹೆ ಬೇಡ, ಅಳತೆ ಸಾಕು

ಚೀಲದಲ್ಲಿ ಬಿಪಿ ಯಂತ್ರ, ಗ್ಲುಕೋಮೀಟರ್, ಅಳತೆ ಟೇಪು, ತೂಕದ ಯಂತ್ರ, 10 ಗ್ರಾಂ ಮೊನೊಫಿಲಮೆಂಟ್ (ಪಾದಕ್ಕೆ ಸ್ಪರ್ಶ ಗೊತ್ತಾಗುತ್ತದೆಯೇ ಎಂದು ನೋಡುವ ನೈಲಾನ್ ದಾರ), ಒಂದು ದಪ್ಪ ನೋಟ್‌ಬುಕ್ ಇರಲಿ. ನೋಟ್‌ಬುಕ್ ಆ ಮನೆಯಲ್ಲೇ ಉಳಿಯಬೇಕು, ಎರಡೂ ಡಾಕ್ಟರ ಹತ್ತಿರ ಅದೇ ಹೋಗಬೇಕು.

ಮೊದಲು ಮಾತಾಡಿಸಬೇಕಾದದ್ದು ರೋಗಿಯನ್ನು. ತಾಯಿಯೋ ಅಣ್ಣನೋ ಮಧ್ಯೆ ಬಾಯಿ ಹಾಕಿದರೆ "ನಿಮ್ಮ ಹತ್ರಾನೂ ಕೇಳ್ತೀನಮ್ಮ, ಮೊದಲು ಇವರು ಹೇಳಲಿ" ಎನ್ನಿ. "ಹೇಗಿದ್ದೀರಿ?" ಎಂದರೆ "ಚೆನ್ನಾಗಿದೀನಿ" ಎಂಬ ಒಂದೇ ಉತ್ತರ ಬರುತ್ತದೆ. "ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗೋವರೆಗೆ ಏನೇನು ಮಾಡಿದ್ರಿ?" ಎಂದು ಕೇಳಿದರೆ ಎದ್ದ ಹೊತ್ತು, ಉಂಡದ್ದು, ಬೀಡಿ, ಒಂಟಿತನ ಎಲ್ಲ ತಾನಾಗಿ ಹೊರಬೀಳುತ್ತವೆ. ಮಾತ್ರೆಗಳ ಡಬ್ಬಿಯನ್ನೇ ತರಿಸಿ ನೋಡಿ. ಮೆಡಿಕಲ್ ಶಾಪಿನಿಂದ ತಾವಾಗಿ ತಂದ ನೋವಿನ ಮಾತ್ರೆ, ನಾಟಿ ಔಷಧಿ, ಪುಡಿ ಎಲ್ಲವನ್ನೂ ಬರೆದುಕೊಳ್ಳಿ.

ಬಿಪಿ ನೋಡುವ ಮುನ್ನ 5 ನಿಮಿಷ ಸುಮ್ಮನೆ ಕೂರಿಸಿ. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕಾಲು ಕತ್ತರಿ ಹಾಕಿರಬಾರದು, ತೋಳು ಎದೆಯ ಮಟ್ಟಕ್ಕೆ. ಹಿಂದಿನ ಅರ್ಧ ಗಂಟೆಯಲ್ಲಿ ಕಾಫಿ, ಬೀಡಿ ಆಗಿರಬಾರದು. ಮೂತ್ರ ಕಟ್ಟಿಕೊಂಡು ಕೂತಿದ್ದರೂ ಬಿಪಿ ಜಾಸ್ತಿ ತೋರಿಸುತ್ತದೆ. 1–2 ನಿಮಿಷ ಬಿಟ್ಟು ಎರಡನೇ ಸಲ ನೋಡಿ, ಎರಡನ್ನೂ ಬರೆಯಿರಿ.

ಮಾನಸಿಕ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರಿಗೆ ಇಷ್ಟೇ ಸಾಲದು. 5 ನಿಮಿಷ ಮಲಗಿಸಿ ಒಮ್ಮೆ, ಎದ್ದು ನಿಂತ 1ನೇ ನಿಮಿಷ ಒಮ್ಮೆ, 3ನೇ ನಿಮಿಷ ಇನ್ನೊಮ್ಮೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಈ ವ್ಯಕ್ತಿ ರಾತ್ರಿ ಬಚ್ಚಲಿಗೆ ಎದ್ದಾಗ ಬೀಳುವ ಸಂಭವವಿದೆ. ಅವರಿಗೆ ಎದ್ದ ಕೂಡಲೇ ನಿಲ್ಲದೆ, ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂತು, ಪಾದಗಳನ್ನು ಹತ್ತಾರು ಸಲ ಮೇಲೆ ಕೆಳಗೆ ಆಡಿಸಿ, ಏನನ್ನಾದರೂ ಹಿಡಿದು ನಿಲ್ಲುವುದನ್ನು ಕಲಿಸಿ. ಡಾಕ್ಟರಿಗೂ ತಿಳಿಸಿ. ಬಿಪಿ ಮಾತ್ರೆ, ಮನಸ್ಸಿನ ಮಾತ್ರೆ ಎರಡೂ ಸೇರಿ ಇಳಿಸುತ್ತಿರಬಹುದು.

ಹೊಟ್ಟೆಯ ಸುತ್ತಳತೆಯನ್ನು ಪಕ್ಕೆಲುಬಿನ ಕೆಳ ಅಂಚಿಗೂ ಸೊಂಟದ ಎಲುಬಿನ ಮೇಲಂಚಿಗೂ ನಡುಮಧ್ಯೆ, ಉಸಿರು ಸಹಜವಾಗಿ ಬಿಟ್ಟಾಗ ಅಳೆಯಬೇಕು. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರಿಕೆ. ಪ್ರತಿ ತಿಂಗಳು ಅದೇ ಟೇಪು, ಅದೇ ಜಾಗ.

ಒಂದು ಸಲಕ್ಕೆ ಒಂದೇ ಬದಲಾವಣೆ

ಎರಡನೇ ಭೇಟಿಯಲ್ಲಿ ಆಯ್ಕೆ. ಅನ್ನ ಕಡಿಮೆ, ಉಪ್ಪು ಕಡಿಮೆ, ಬೀಡಿ ಬಿಡು, ವಾಕಿಂಗ್ ಮಾಡು, ಸ್ನಾನ ಮಾಡು ಎಂದು ಐದನ್ನೂ ಒಟ್ಟಿಗೆ ಹೇರಿದರೆ ಒಂದೂ ಆಗುವುದಿಲ್ಲ. "ಇವುಗಳಲ್ಲಿ ಯಾವುದು ನಿಮಗೆ ಆಗಬಹುದು ಅನ್ಸುತ್ತೆ?" ಎಂದು ಅವರನ್ನೇ ಕೇಳಿ. ಒಂದನ್ನು ಹಿಡಿದ ಮೇಲೆ, "ಇದು ನಿಮಗೆ ಎಷ್ಟು ಮುಖ್ಯ, ಸೊನ್ನೆಯಿಂದ ಹತ್ತರವರೆಗೆ ಒಂದು ನಂಬರ್ ಹೇಳಿ" ಎನ್ನಿ. 4 ಎಂದರೆ "ಯಾಕೆ ಹತ್ತಲ್ಲ?" ಎಂದು ಕೇಳಬೇಡಿ, ಆಗ ನೆಪಗಳು ಸಾಲುಗಟ್ಟುತ್ತವೆ. "ಎರಡು ಅನ್ನದೆ ನಾಲ್ಕು ಅಂದ್ರಲ್ಲ, ಯಾಕೆ?" ಎಂದು ಕೇಳಿ. ಬದಲಾಗಬೇಕಾದ ಕಾರಣವನ್ನು ಅವರ ಬಾಯಿಂದಲೇ ಕೇಳುತ್ತೀರಿ. ಕೊನೆಗೆ "ಅರ್ಥ ಆಯ್ತಾ?" ಎನ್ನುವ ಬದಲು, "ನಾನು ಸರಿಯಾಗಿ ಹೇಳಿದೀನೋ ಇಲ್ವೋ ನೋಡೋಣ, ನಾಳೆ ಏನು ಮಾಡ್ತೀರಿ ಅಂತ ಒಂದ್ಸಲ ಹೇಳಿ" ಎನ್ನಿ.

ಹಾಸಿಗೆ ಬಿಟ್ಟು ಏಳದವರಿಗೆ

ಖಿನ್ನತೆಯಲ್ಲೂ ಹಳೆಯ ಸ್ಕಿಜೋಫ್ರೇನಿಯಾದಲ್ಲೂ ಮನೆಯವರನ್ನು ಸೋಲಿಸುವುದು ಇದೇ. "ಸೋಮಾರಿ" ಎಂಬ ಹಣೆಪಟ್ಟಿ ಬಿದ್ದಿರುತ್ತದೆ. ಆದರೆ ಕೆಲಸ ಶುರುಮಾಡುವ ಶಕ್ತಿ ಕುಗ್ಗುವುದು ಕಾಯಿಲೆಯದೇ ಲಕ್ಷಣ, ಮತ್ತು ಮಾತ್ರೆಗೆ ಅಷ್ಟಾಗಿ ಬಗ್ಗದ ಲಕ್ಷಣ. ಇಲ್ಲಿ ಶುಶ್ರೂಷೆಯೇ ಮುಖ್ಯ ಚಿಕಿತ್ಸೆ.

"ಮನಸ್ಸು ಬಂದಾಗ ಮಾಡು" ಎಂದು ಕಾದರೆ ಮನಸ್ಸು ಬರುವುದಿಲ್ಲ. ಮೊದಲು ಕೆಲಸ, ಹುರುಪು ಆಮೇಲೆ. ಹೀಗೆ ಮಾಡಿ: ಮೊದಲ ವಾರ ಏನನ್ನೂ ಬದಲಿಸದೆ, ಏನು ಮಾಡಿದರು ಎಂಬುದನ್ನು ಎರಡೆರಡು ಗಂಟೆಯ ಚೌಕಗಳಲ್ಲಿ ಬರೆಸಿ. ಪಕ್ಕದಲ್ಲಿ ಎರಡು ಅಂಕಿ: ಖುಷಿ ಎಷ್ಟು, ಮಾಡಿ ಮುಗಿಸಿದೆ ಎಂಬ ಸಮಾಧಾನ ಎಷ್ಟು, ಎರಡೂ 10ಕ್ಕೆ. ಓದುಬರಹ ಬಾರದವರಿಗೆ ಕಡಲೆಕಾಳು ಇಟ್ಟು ಎಣಿಸಿದರೂ ಆಯಿತು. ವಾರದ ಕೊನೆಗೆ ನೋಡಿದರೆ, ಇಡೀ ದಿನ ಸೊನ್ನೆ ಇದ್ದವರಿಗೂ ಎಲ್ಲೋ ಒಂದು ಕಡೆ 2 ಅಥವಾ 3 ಬಿದ್ದಿರುತ್ತದೆ. ದನಕ್ಕೆ ಮೇವು ಹಾಕಿದಾಗ, ಮೊಮ್ಮಗುವನ್ನು ಎತ್ತಿಕೊಂಡಾಗ, ಹೂ ಕಟ್ಟಿದಾಗ. ಎರಡನೇ ವಾರದ ಯೋಜನೆ ಅಲ್ಲಿಂದ ಶುರುವಾಗಬೇಕು, ನಿಮಗೆ ಒಳ್ಳೆಯದೆನಿಸಿದ್ದರಿಂದ ಅಲ್ಲ.

ಒಂದೊಂದು ಕೆಲಸಕ್ಕೂ ಹೊತ್ತು, ಜಾಗ, ಅವಧಿ ಇರಲಿ. "ಹೂ ಕಟ್ಟು" ಎಂದರೆ ಆಗದು. "ಬೆಳಿಗ್ಗೆ ಕಾಫಿ ಆದ ಮೇಲೆ, ಜಗಲಿ ಮೇಲೆ, 10 ನಿಮಿಷ, ಒಂದು ಮೊಳ" ಎಂದರೆ ಆದೀತು. ಸ್ನಾನದಂಥ ದೊಡ್ಡ ಕೆಲಸವನ್ನು ಒಡೆಯಿರಿ: ಎದ್ದು ಕೂರುವುದು, ಟವೆಲ್ ತೆಗೆದುಕೊಳ್ಳುವುದು, ಬಚ್ಚಲಿಗೆ ಹೋಗುವುದು, ಮುಖ ಕೈಕಾಲು ತೊಳೆಯುವುದು, ಮೈಗೆ ನೀರು ಹಾಕಿಕೊಳ್ಳುವುದು. ಮೊದಲ ಮೂರು ದಿನ ಮುಖ ಕೈಕಾಲಿನವರೆಗೆ ಬಂದರೆ ಅಷ್ಟಕ್ಕೇ ನಿಲ್ಲಿಸಿ, "ಇವತ್ತು ಬಚ್ಚಲಿಗೆ ಹೋಗಿಬಂದ್ರಿ" ಎಂದು ಆದದ್ದನ್ನು ಹೆಸರಿಸಿ ಹೇಳಿ. ಬಾಯ್ತುಂಬ ಹೊಗಳುವುದು ಬೇಡ, ಚಿಕ್ಕ ಮಗುವಿನಂತೆ ನೋಡುತ್ತಿದ್ದಾರೆ ಎಂದು ಮುನಿಯುತ್ತಾರೆ.

ಎರಡು ಕಡೆ ಇದು ಕೆಡುತ್ತದೆ. ಒಂದು, ಎರಡು ದಿನ ಚೆನ್ನಾಗಿ ಮಾಡಿದರೆಂದು ಮೂರನೇ ದಿನ ಮನೆಯವರು ಕೆಲಸ ದುಪ್ಪಟ್ಟು ಮಾಡುವುದು. ವಾರಕ್ಕೊಮ್ಮೆ ಮಾತ್ರ, 5–10 ನಿಮಿಷ ಏರಿಸಿ. ಇನ್ನೊಂದು, ಆಗದ ದಿನ ಬಯ್ಯುವುದು. ಆಗದ ಕೆಲಸ ಇನ್ನೂ ದೊಡ್ಡದಾಗಿತ್ತು ಎಂದೇ ಅರ್ಥ, ಅದನ್ನು ಮತ್ತೆ ಒಡೆಯಬೇಕು.

ಒಂದು ಎಚ್ಚರಿಕೆ. ಇದ್ದಕ್ಕಿದ್ದಂತೆ ಕೂತಲ್ಲಿ ಕೂರಲಾಗದೆ ಶತಪಥ ಹಾಕುವುದು, ನಿಂತಲ್ಲೇ ಕಾಲು ಬದಲಿಸುತ್ತಲೇ ಇರುವುದು ಕಂಡರೆ "ಹುರುಪು ಬಂತು" ಎಂದುಕೊಳ್ಳಬೇಡಿ, ಗಾಬರಿ ಎಂದು ಉಸಿರಾಟದ ವ್ಯಾಯಾಮಕ್ಕೂ ಕೂರಿಸಬೇಡಿ. ಮಾತ್ರೆಯಿಂದಾಗುವ ಚಡಪಡಿಕೆ ಅದು, ಬಹಳ ಯಾತನೆಯದು. ಓಡಾಡಲು ಬಿಡಿ, ಡಾಕ್ಟರಿಗೆ ಅಂದೇ ತಿಳಿಸಿ.

ನಿದ್ದೆ

ಮಲಗುವ ಹೊತ್ತನ್ನಲ್ಲ, ಏಳುವ ಹೊತ್ತನ್ನು ಗಟ್ಟಿ ಮಾಡಿ. ರಾತ್ರಿ ಎಷ್ಟಕ್ಕೇ ನಿದ್ದೆ ಬಂದಿರಲಿ, ಬೆಳಿಗ್ಗೆ 6.30 ಎಂದರೆ 6.30. ಎದ್ದ ಮೇಲೆ ಅರ್ಧ ಗಂಟೆ ಬೆಳಕಿಗೆ ಬರಬೇಕು. ಮಧ್ಯಾಹ್ನದ ನಿದ್ದೆ ಬೇಕೇ ಬೇಕಾದರೆ 3 ಗಂಟೆಯೊಳಗೆ, 30 ನಿಮಿಷ. ಮಧ್ಯಾಹ್ನ 2ರ ನಂತರ ಕಾಫಿ, ಟೀ ಬೇಡ. ಮಲಗಿ 20 ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕೂತು, ತೂಕಡಿಕೆ ಬಂದಾಗ ಮಾತ್ರ ಮತ್ತೆ ಮಲಗಲಿ.

ಬೈಪೋಲಾರ್ ಇರುವವರಿಗೆ ಮಾತ್ರ ನಿದ್ದೆಯ ಗಂಟೆ ಕಡಿತ ಮಾಡುವ ಯಾವ ಪ್ರಯೋಗವೂ ಬೇಡ. ಒಂದು ರಾತ್ರಿ ಜಾಗರಣೆ ಅವರಲ್ಲಿ ಉನ್ಮಾದವನ್ನು ಕೆರಳಿಸಬಹುದು. ಶಿವರಾತ್ರಿ, ಜಾತ್ರೆ, ಮದುವೆ ಮನೆ, ರಾತ್ರಿ ಪಾಳಿ ಇವೆಲ್ಲ ಅವರ ಮಟ್ಟಿಗೆ ಮೊದಲೇ ಯೋಚಿಸಿ ನಿರ್ಧರಿಸಬೇಕಾದ ಸಂಗತಿಗಳು. ಎರಡು ರಾತ್ರಿ ಮೂರೇ ಗಂಟೆ ಮಲಗಿಯೂ ಬೆಳಿಗ್ಗೆ ದಣಿವಿಲ್ಲ ಎಂದರೆ ಅದು ನಿದ್ರಾಹೀನತೆಯಲ್ಲ, ಮುನ್ಸೂಚನೆ.

ಇನ್ನು ಗೊರಕೆ. ದಪ್ಪಗಿದ್ದು ಜೋರಾಗಿ ಗೊರಕೆ ಹೊಡೆದು ಮಧ್ಯೆ ಉಸಿರು ನಿಂತಂತಾಗುತ್ತಿದ್ದರೆ, ಹಗಲಿನ ಮಂಪರನ್ನು ಪೂರ್ತಿ ಮಾತ್ರೆಯ ತಲೆಗೆ ಕಟ್ಟಬೇಡಿ. ಡಾಕ್ಟರಿಗೆ ಹೇಳಿ.

ಧ್ವನಿ ಕೇಳಿಸುವಾಗ, ಅನುಮಾನ ಬಂದಾಗ

"ಪಕ್ಕದ ಮನೆಯವರು ಬಯ್ತಿದಾರೆ" ಎಂದವರಿಗೆ "ಅಲ್ಲಿ ಯಾರೂ ಇಲ್ಲ, ಎಲ್ಲ ನಿನ್ನ ಭ್ರಮೆ" ಎಂದರೆ ಮಾತು ಅಲ್ಲಿಗೆ ಮುರಿಯಿತು. "ಹೌದು ಹೌದು, ನನಗೂ ಕೇಳಿಸ್ತು" ಎಂದರೆ ಭ್ರಮೆ ಗಟ್ಟಿಯಾಯಿತು. "ನನಗೆ ಕೇಳಿಸ್ತಿಲ್ಲ. ಆದರೆ ನಿಮಗೆ ಕೇಳಿಸಿ ಹೆದರಿಕೆ ಆಗ್ತಿದೆ ಅನ್ನೋದು ಗೊತ್ತಾಗ್ತಿದೆ. ನಾನಿಲ್ಲೇ ಕೂತಿರ್ತೀನಿ" ಎನ್ನಿ. ಒಪ್ಪಿಕೊಳ್ಳುವುದು ಹೆದರಿಕೆಯನ್ನು, ವಿಷಯವನ್ನಲ್ಲ.

ಆಮೇಲೆ, ಯಾವ ಹೊತ್ತಿಗೆ ಹೆಚ್ಚು, ಒಬ್ಬರೇ ಇದ್ದಾಗಲೋ ಜನರಿದ್ದಾಗಲೋ, ಏನು ಮಾಡಿದರೆ ಕಡಿಮೆ ಎಂದು ಒಂದು ವಾರ ಬರೆಸಿ. ಒಬ್ಬೊಬ್ಬರಿಗೆ ಒಂದೊಂದು ಉಪಾಯ ಒಗ್ಗುತ್ತದೆ. ಗುನುಗುವುದು, ಪೇಪರನ್ನು ಗಟ್ಟಿಯಾಗಿ ಓದುವುದು, ಒಂದೇ ಕಿವಿಗೆ ಇಯರ್‌ಫೋನ್ ಹಾಕಿ ಹಾಡು ಕೇಳುವುದು, 100ರಿಂದ ಮೂರು ಮೂರು ಕಳೆಯುತ್ತ ಬರುವುದು, ಎದ್ದು ಅಂಗಳಕ್ಕೆ ಹೋಗುವುದು. ಮೂರನ್ನು ಆರಿಸಿ, ಧ್ವನಿ ಜೋರಿಲ್ಲದಾಗಲೇ ಅಭ್ಯಾಸ ಮಾಡಿಸಿ. ಕಣ್ಣು ಮುಚ್ಚಿ ಕೂರಿಸುವ ಧ್ಯಾನ ಧ್ವನಿ ಜೋರಾಗಿರುವ ದಿನಗಳಲ್ಲಿ ಬೇಡ. ಹೊರಗಿನ ಗಮನ ಕಡಿಮೆಯಾದಷ್ಟೂ ಒಳಗಿನ ಸದ್ದು ಏರುತ್ತದೆ.

ಕೇಳಲೇಬೇಕಾದ ಪ್ರಶ್ನೆ ಒಂದಿದೆ: "ಆ ಧ್ವನಿ ನಿಮಗೆ ಏನಾದ್ರೂ ಮಾಡು ಅಂತ ಹೇಳುತ್ತಾ? ಮಾಡಬೇಕು ಅನ್ಸುತ್ತಾ?" ತನಗೋ ಇತರರಿಗೋ ಅಪಾಯ ಮಾಡು ಎನ್ನುತ್ತಿದ್ದರೆ ಆ ದಿನವೇ ಡಾಕ್ಟರ ಹತ್ತಿರ.

ಉಪ್ಪು, ಮುದ್ದೆ, ನೀರು

ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚೆಯೊಳಗೆ ಎಂಬುದು ಬಿಪಿ ಇರುವವರಿಗೆ ಹೇಳುವ ಲೆಕ್ಕ. ಸಾರಿಗೆ ಹಾಕುವುದಲ್ಲದೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಬೇಕರಿ ಖಾರ ಇವುಗಳಲ್ಲಿ ಅದು ನುಸುಳುತ್ತದೆ. ನಾಲ್ಕು ಜನರ ಮನೆಗೆ ತಿಂಗಳಿಗೆ ಎಷ್ಟು ಪ್ಯಾಕೆಟ್ ಉಪ್ಪು ತರುತ್ತೀರಿ ಎಂದು ಕೇಳಿ. 4 ಜನ × 5 ಗ್ರಾಂ × 30 ದಿನ ಎಂದರೆ 600 ಗ್ರಾಂ. ಎರಡು ಕೆಜಿ ಮುಗಿಯುತ್ತಿದ್ದರೆ ಬೇರೆ ಭಾಷಣ ಬೇಕಿಲ್ಲ.

ಆದರೆ ಬೈಪೋಲಾರ್‌ಗೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರಿಗೆ ಉಪ್ಪನ್ನು ಏಕಾಏಕಿ ಕಡಿಮೆ ಮಾಡಿಸಬೇಡಿ. ದೇಹದಲ್ಲಿ ಸೋಡಿಯಂ ಕಡಿಮೆಯಾದಾಗ ಮೂತ್ರಪಿಂಡ ಸೋಡಿಯಂ ಜೊತೆಗೆ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ, ರಕ್ತದಲ್ಲಿ ಅದು ವಿಷದ ಮಟ್ಟಕ್ಕೆ ಏರಬಹುದು. ಬೇಸಿಗೆಯ ಬೆವರು, ವಾಂತಿಭೇದಿ, ನಿರಾಹಾರ ಉಪವಾಸದಿಂದಲೂ ಇದೇ ಆಗುತ್ತದೆ. ಮಂಡಿನೋವಿಗೆಂದು ತಾವೇ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೂಡ ಲಿಥಿಯಂ ಮಟ್ಟ ಏರಿಸುತ್ತವೆ, ಕೆಲವು ಬಿಪಿ ಮಾತ್ರೆಗಳೂ ಸಹ. ಕೈ ಜೋರಾಗಿ ನಡುಗುವುದು, ಮಾತು ತೊದಲುವುದು, ತೂರಾಡುವುದು, ವಾಂತಿಭೇದಿ ಕಂಡರೆ ಮುಂದಿನ ಲಿಥಿಯಂ ಮಾತ್ರೆ ಕೊಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಶುಗರ್ ಇರುವವರ ಮನೆಯಲ್ಲಿ "ರಾಗಿ ತಾನೆ, ಎಷ್ಟಾದ್ರೂ ತಿನ್ನಬಹುದು" ಎಂಬ ನಂಬಿಕೆ ಗಟ್ಟಿಯಾಗಿದೆ. ರಾಗಿಯಲ್ಲಿ ನಾರು, ಸುಣ್ಣದಂಶ ಹೆಚ್ಚು, ನಿಜ. ಆದರೆ ಅದರ ತೂಕದ ಮೂರನೇ ಎರಡರಷ್ಟು ಪಿಷ್ಟವೇ. ಎರಡು ದೊಡ್ಡ ಮುದ್ದೆ ಉಂಡರೆ ಶುಗರ್ ಏರಿಯೇ ಏರುತ್ತದೆ. ತಟ್ಟೆಯ ಅರ್ಧ ಸೊಪ್ಪು, ತರಕಾರಿ ಪಲ್ಯ. ಕಾಲುಭಾಗ ಮುದ್ದೆ ಅಥವಾ ಅನ್ನ ಅಥವಾ ರೊಟ್ಟಿ, ಮೂರರಲ್ಲಿ ಒಂದು ಮಾತ್ರ. ಉಳಿದ ಕಾಲುಭಾಗ ಬೇಳೆ, ಕಾಳು, ಮೊಟ್ಟೆ, ಮೀನು. ಸಾರನ್ನು ನೀರಾಗಿ ಮಾಡಿ ಅನ್ನಕ್ಕೆ ಸುರಿಯುವ ಮನೆಯಲ್ಲಿ ಬೇಳೆ ತಳದಿಂದ ಬಡಿಸಲು ಹೇಳಿ.

ಒಲಾಂಜಪಿನ್ ಶುರುವಾದ ಮೇಲೆ ಬರುವ ಹಸಿವು ಬಾಯಿಚಪಲವಲ್ಲ, ಮಾತ್ರೆ ಹೊಟ್ಟೆ ತುಂಬಿದ ಸುಳಿವನ್ನೇ ಮಂಕು ಮಾಡುತ್ತದೆ. ಬಯ್ದರೆ ಕದ್ದು ತಿನ್ನುತ್ತಾರೆ. ರಾತ್ರಿ ಹನ್ನೊಂದಕ್ಕೆ ಹಸಿವಾದಾಗ ಕೈಗೆ ಸಿಗುವಂತೆ ಸೌತೆಕಾಯಿ, ಮಜ್ಜಿಗೆ, ಒಂದು ಹಿಡಿ ಹುರಿಗಡಲೆ ಇಡಿ. ಬಿಸ್ಕತ್ತಿನ ಡಬ್ಬಿ ಮನೆಗೇ ಬರದಿರಲಿ. ಮೊದಲ ಮೂರು ತಿಂಗಳು ವಾರಕ್ಕೊಮ್ಮೆ ತೂಕ ನೋಡಿ. ಏರಿಕೆ ಬೇಗ ಕಂಡರೆ ತಡೆಯುವುದು ಸುಲಭ, ಹತ್ತು ಕೆಜಿ ಏರಿದ ಮೇಲೆ ಕಷ್ಟ.

ನೀರು ಎರಡೂ ಕಡೆ ಕೈಕೊಡುತ್ತದೆ. ಕೆಲವರು ಸ್ಕಿಜೋಫ್ರೇನಿಯಾದಲ್ಲಿ ಬಿಂದಿಗೆಗಟ್ಟಲೆ ನೀರು ಕುಡಿಯುತ್ತಾರೆ. ಬೆಳಿಗ್ಗೆ, ಸಂಜೆ ತೂಕ ನೋಡಿ. 60 ಕೆಜಿ ಇದ್ದವರು ಸಂಜೆಗೆ 63 ಆದರೆ ರಕ್ತದ ಸೋಡಿಯಂ ತೆಳುವಾಗುತ್ತಿದೆ ಎಂದೇ ಅನುಮಾನಿಸಿ. ತಲೆನೋವು, ವಾಂತಿ, ಗಲಿಬಿಲಿ, ಫಿಟ್ಸ್ ಬಂದರೆ ತುರ್ತು. ಅತಿ ದಾಹ ಶುಗರ್ ಏರಿದ್ದರಿಂದಲೂ ಬರುತ್ತದೆ, ಆದ್ದರಿಂದ ಮೊದಲು ಗ್ಲುಕೋಮೀಟರ್ ಹಿಡಿಯಿರಿ. ಇನ್ನೊಂದು ಕಡೆ, ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಮನಸ್ಸಿನ ಕೆಲವು ಮಾತ್ರೆಗಳು ಬೆವರನ್ನೇ ತಡೆಯುತ್ತವೆ. ಅಂಥವರು 11ರಿಂದ 4ರವರೆಗೆ ನೆರಳಲ್ಲಿರಲಿ, ಒದ್ದೆ ಬಟ್ಟೆ ಕುತ್ತಿಗೆಗೆ ಹಾಕಿಕೊಳ್ಳಲಿ.

ಕ್ಲೋಜಪಿನ್ ಇರುವವರ ನೋಟ್‌ಬುಕ್ಕಿನಲ್ಲಿ ದಿನವೂ ಮಲವಿಸರ್ಜನೆಯ ಒಂದು ಗುರುತು ಬೀಳಬೇಕು. ಅದರ ಮಲಬದ್ಧತೆ ಸಾಮಾನ್ಯದ್ದಲ್ಲ, ಕರುಳೇ ನಿಂತು ಪ್ರಾಣಕ್ಕೆ ಬರಬಹುದು. ಮೂರು ದಿನ ಆಗದಿದ್ದರೆ ಕಾಯಬೇಡಿ. ಹೊಟ್ಟೆ ಉಬ್ಬರ, ನೋವು, ವಾಂತಿ ಇದ್ದರೆ ಅಂದೇ ಆಸ್ಪತ್ರೆ.

ಬೀಡಿ ಬಿಡಿಸುವ ಮುನ್ನ

ಬಿಡಿಸಬೇಕು, ಎರಡು ಮಾತಿಲ್ಲ. ಆದರೆ ಬೀಡಿ, ಸಿಗರೇಟಿನ ಹೊಗೆ ಕ್ಲೋಜಪಿನ್, ಒಲಾಂಜಪಿನ್‌ಗಳನ್ನು ಯಕೃತ್ತಿನಲ್ಲಿ ಬೇಗ ಕರಗಿಸುತ್ತದೆ. ಹೊಗೆ ನಿಂತ ಒಂದೆರಡು ವಾರದೊಳಗೆ ಅದೇ ಡೋಸ್ ಮೈಗೆ ಹೆಚ್ಚಾಗಿ ಜೊಲ್ಲು, ಮಂಪರು, ತಲೆಸುತ್ತು, ಕ್ಲೋಜಪಿನ್‌ನಲ್ಲಿ ಫಿಟ್ಸ್ ಕೂಡ ಬರಬಹುದು. ಆದ್ದರಿಂದ ಬಿಡುವ ದಿನ ಗೊತ್ತು ಮಾಡಿ, ಡಾಕ್ಟರಿಗೆ ಮೊದಲೇ ಹೇಳಿ, ಡೋಸ್ ನೋಡಿಸಿ. ಆಸ್ಪತ್ರೆಗೆ ಸೇರಿದಾಗ ಬೀಡಿ ತಾನಾಗಿ ನಿಂತಿರುತ್ತದೆ, ಮನೆಗೆ ಬಂದ ಮೇಲೆ ಮತ್ತೆ ಶುರುವಾಗಿ ಔಷಧಿಯ ಮಟ್ಟ ಇಳಿಯುತ್ತದೆ. "ಆಸ್ಪತ್ರೇಲಿ ಚೆನ್ನಾಗಿದ್ದ, ಮನೆಗೆ ಬಂದು ಕೆಟ್ಟ" ಎನ್ನುವುದಕ್ಕೆ ಇದೂ ಒಂದು ಕಾರಣ. ಈ ಪರಿಣಾಮ ಹೊಗೆಯದು, ನಿಕೋಟಿನ್‌ದಲ್ಲ. ಹಾಗಾಗಿ ಕಡ್ಡಿಪುಡಿ, ಗುಟ್ಕಾ ಬಿಟ್ಟರೆ ಮಾತ್ರೆಯ ಮಟ್ಟ ಹೀಗೆ ಏರುವುದಿಲ್ಲ.

ನಡಿಗೆ, ಪಾದ, ಶುಗರ್ ಇಳಿದಾಗ

ವಾರಕ್ಕೆ 150 ನಿಮಿಷ ಎಂಬುದು ಗುರಿ, ಆರಂಭವಲ್ಲ. ಆರಂಭ ಊಟದ ನಂತರ 5 ನಿಮಿಷ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು. ಜೊತೆಗೊಬ್ಬರಿದ್ದರೆ ಮಾತ್ರ ನಡಿಗೆ ತಿಂಗಳು ದಾಟುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರ ಶುಗರ್ 100ಕ್ಕಿಂತ ಕಡಿಮೆ ಇದ್ದರೆ ಒಂದು ಬಾಳೆಹಣ್ಣು ತಿಂದು ಹೊರಡಲಿ. 250 ದಾಟಿ ಮೈ ಹುಷಾರಿಲ್ಲದಿದ್ದರೆ ಅಂದು ನಡಿಗೆ ಬೇಡ. ಎದೆ ಹಿಡಿದಂತಾದರೆ ನಿಲ್ಲಿಸಬೇಕು.

ಹೊರಡುವ ಮೊದಲು ಪಾದ. ಮೊನೊಫಿಲಮೆಂಟನ್ನು ಮೊದಲು ಕೈಗೆ ಮುಟ್ಟಿಸಿ ತೋರಿಸಿ, ಆಮೇಲೆ ಅವರು ಕಣ್ಣು ಮುಚ್ಚಿರುವಾಗ ಹೆಬ್ಬೆರಳಿನ ಅಡಿ ಮತ್ತು ಬೆರಳುಗಳ ಬುಡದ ಉಬ್ಬುಗಳಿಗೆ, ದಾರ ಬಾಗುವಷ್ಟು ಒತ್ತಿ. ಆಣಿ ಇರುವ ಜಾಗ ಬಿಡಿ. ಗೊತ್ತಾಗದಿದ್ದರೆ ಆ ಪಾದಕ್ಕೆ ಮುಳ್ಳು ಚುಚ್ಚಿದರೂ ಗೊತ್ತಾಗದು: ಮನೆಯೊಳಗೂ ಚಪ್ಪಲಿ, ಹಾಕುವ ಮುನ್ನ ಒಳಗೆ ಕೈಯಾಡಿಸಿ ನೋಡುವುದು. ಕಾಲು ತೊಳೆಯುವ ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಬೇಕು, ಪಾದದಿಂದಲ್ಲ. ಬೆರಳ ಸಂದಿ ಒರೆಸಿ ಒಣಗಿಸಿ, ಕೊಬ್ಬರಿ ಎಣ್ಣೆ ಪಾದಕ್ಕೆ ಹಚ್ಚಿ, ಸಂದಿಗೆ ಬೇಡ. ಉಗುರು ನೇರಕ್ಕೆ ಕತ್ತರಿಸಿ. ಖಿನ್ನತೆ ಜೋರಾದ ವಾರಗಳಲ್ಲಿ ಇದನ್ನು ಅವರು ಮಾಡಿಕೊಳ್ಳುವುದಿಲ್ಲ, ಮನೆಯವರು ಸಂಜೆ ಬ್ಯಾಟರಿ ಹಿಡಿದು ನೋಡಬೇಕು.

ಇಡೀ ಬರಹದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು: ಇದ್ದಕ್ಕಿದ್ದಂತೆ ಸಿಟ್ಟು, ಅಸಂಬದ್ಧ ಮಾತು, ಕುಡಿದವರಂಥ ನಡೆ ಕಂಡರೆ "ಕಾಯಿಲೆ ಕೆರಳಿತು" ಎನ್ನುವ ಮುನ್ನ ಬೆರಳು ಚುಚ್ಚಿ ಶುಗರ್ ನೋಡಿ. 70ಕ್ಕಿಂತ ಕಡಿಮೆ ಇದ್ದು ನುಂಗಲು ಬರುತ್ತಿದ್ದರೆ 15 ಗ್ರಾಂ, ಅಂದರೆ 3 ಟೀ ಚಮಚೆ ಸಕ್ಕರೆಯನ್ನು ಅರ್ಧ ಲೋಟ ನೀರಿನಲ್ಲಿ ಕದಡಿ ಕುಡಿಸಿ. 15 ನಿಮಿಷಕ್ಕೆ ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಸರಿಯಾದ ಮೇಲೆ ಊಟ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ, ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ. ಗಾಬರಿ, ಕೈನಡುಕಕ್ಕೆಂದು ಪ್ರೊಪ್ರನಲಾಲ್ ಕೊಟ್ಟಿದ್ದರೆ ಎದೆಬಡಿತ, ನಡುಕದ ಎಚ್ಚರಿಕೆ ಕಾಣಿಸುವುದೇ ಇಲ್ಲ, ಬೆವರು ಮಾತ್ರ ಉಳಿಯುತ್ತದೆ.

ಉಸಿರು, ಸಡಿಲಿಕೆ

ನಾಲ್ಕು ಎಣಿಸುತ್ತ ಮೂಗಿನಿಂದ ಒಳಕ್ಕೆ, ಆರು ಎಣಿಸುತ್ತ ನಿಧಾನ ಹೊರಕ್ಕೆ, ದಿನಕ್ಕೆರಡು ಸಲ 5 ನಿಮಿಷ. ಹೊರಗಿನ ಉಸಿರು ಉದ್ದವಿರುವುದೇ ಮುಖ್ಯ. ಜೋರಾಗಿ ಎಳೆದರೆ ತಲೆ ತಿರುಗಿ ಗಾಬರಿ ಹೆಚ್ಚುತ್ತದೆ. ಸ್ನಾಯು ಬಿಗಿದು ಬಿಡುವ ಅಭ್ಯಾಸದಲ್ಲಿ 5 ಸೆಕೆಂಡ್ ಬಿಗಿ, 20 ಸೆಕೆಂಡ್ ಸಡಿಲ, ಪಾದದಿಂದ ಮುಖದವರೆಗೆ. ಬಿಪಿ ಹಿಡಿತದಲ್ಲಿಲ್ಲದವರು ಬಿಗಿಯುವಾಗ ಉಸಿರು ಕಟ್ಟಬಾರದು.

ಮನೆಯವರ ನಾಲಿಗೆ

ಲಂಡನ್ನಿನಲ್ಲಿ 1950ರ ದಶಕದ ಕೊನೆಯಿಂದ ಸ್ಕಿಜೋಫ್ರೇನಿಯಾ ಇದ್ದವರ ಕುಟುಂಬಗಳನ್ನು ಗಮನಿಸಿದ ಜಾರ್ಜ್ ಬ್ರೌನ್, ಆಮೇಲೆ ಕ್ರಿಸ್ಟೀನ್ ವಾನ್ ಮತ್ತು ಜೂಲಿಯನ್ ಲೆಫ್, ಟೀಕೆ, ಹಗೆತನ, ಅತಿಯಾದ ಕಾಳಜಿ ಇರುವ ಮನೆಗಳಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು ಎಂದು ಕಂಡರು. ಅಂಥ ಮನೆಯಲ್ಲಿ ವಾರಕ್ಕೆ 35 ಗಂಟೆಗೂ ಹೆಚ್ಚು ಮುಖಾಮುಖಿ ಇದ್ದರೆ ಇನ್ನೂ ಹೆಚ್ಚು. ಅತಿ ಕಾಳಜಿಯೂ ಆ ಪಟ್ಟಿಯಲ್ಲಿದೆ ಎಂಬುದನ್ನು ನಮ್ಮ ತಾಯಂದಿರಿಗೆ ಹೇಳುವುದು ಕಷ್ಟ. ನಲವತ್ತು ದಾಟಿದ ಮಗನಿಗೆ ತುತ್ತು ಮಾಡಿ ಕೊಡುವವರು ಅದನ್ನು ಪ್ರೀತಿ ಎಂದೇ ತಿಳಿದಿರುತ್ತಾರೆ.

ಮನೆಯವರಿಗೆ ಕಲಿಸಬೇಕಾದದ್ದು ಸ್ವಭಾವ ಬದಲಿಸುವುದನ್ನಲ್ಲ, ವಾಕ್ಯ ಬದಲಿಸುವುದನ್ನು. "ನೀನು ಯಾವಾಗ್ಲೂ ಹೀಗೇ" ಎನ್ನುವ ಬದಲು, "ತಟ್ಟೆ ಅಲ್ಲೇ ಬಿಟ್ಟೆ, ನನಗೆ ಬೇಜಾರಾಯ್ತು, ಊಟ ಆದ್ಮೇಲೆ ತೊಳೆದಿಡಪ್ಪ". ಕಂಡದ್ದು, ಅನ್ನಿಸಿದ್ದು, ಬೇಕಾದದ್ದು, ಮೂರೇ ಭಾಗ. ನಿಮ್ಮೆದುರೇ ಎರಡು ಸಲ ಹೇಳಿಸಿ. ದಿನಕ್ಕೆ ಎರಡು ಮೂರು ಗಂಟೆಯಾದರೂ ಇಬ್ಬರೂ ಬೇರೆ ಬೇರೆ ಜಾಗದಲ್ಲಿರಲಿ. ರೋಗಿಗೆ ಡೇ ಕೇರ್ ಕೇಂದ್ರ, ತೋಟ, ಅಂಗಡಿ. ತಾಯಿಗೆ ಭಜನೆ, ಸಂಘದ ಸಭೆ.

ದೇವಸ್ಥಾನ, ದರ್ಗಾಕ್ಕೆ ಹೋಗುತ್ತಾರೆಂದು ಜಗಳ ತೆಗೆಯಬೇಡಿ. ಮಾತ್ರೆ ನಿಲ್ಲಿಸಬಾರದು, ಊಟ ಬಿಡಿಸಬಾರದು, ಹೊಡೆಯಬಾರದು, ಇಷ್ಟು ಷರತ್ತು ಸಾಕು. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ಕಟ್ಟಿಹಾಕಿದ ಮನೆ ಕಂಡರೆ ಬೆದರಿಸುವ ಬದಲು, ಯಾವ ಹೊತ್ತಿನಲ್ಲಿ ಹಿಡಿಯಲಾಗದೆ ಕಟ್ಟಿದರು ಎಂದು ಕೇಳಿ ಆ ಹೊತ್ತಿಗೆ ಬೇಕಾದ ನೆರವನ್ನು ಜಿಲ್ಲಾ ತಂಡದಿಂದ ತರಿಸಿ.

ಮುನ್ಸೂಚನೆ ಮತ್ತು ಸುರಕ್ಷತೆಯ ಹಾಳೆ

ಕಾಯಿಲೆ ಕೆರಳುವ ಮೊದಲಿನ ವಾರಗಳು ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ಆದರೆ ಅದೇ ವ್ಯಕ್ತಿಯಲ್ಲಿ ಹೆಚ್ಚುಕಡಿಮೆ ಅದೇ ರೀತಿ. ಒಬ್ಬರು ಕಿಟಕಿ ಮುಚ್ಚತೊಡಗುತ್ತಾರೆ, ಇನ್ನೊಬ್ಬರು ಊಟ ಮೂಸಿ ನೋಡುತ್ತಾರೆ, ಮತ್ತೊಬ್ಬರು ರಾತ್ರಿಯಿಡೀ ಫೋನ್ ಮಾಡುತ್ತಾರೆ. ಹಿಂದಿನ ಸಲ ಏನಾಗಿತ್ತು ಎಂದು ಎಲ್ಲರನ್ನೂ ಕೂರಿಸಿ ಕೇಳಿ, ಐದು ಲಕ್ಷಣ ಬರೆದು ಗೋಡೆಗೆ ಅಂಟಿಸಿ. ಎರಡು ಕಂಡರೆ ಯಾರಿಗೆ ಫೋನ್ ಎಂಬುದನ್ನೂ ಬರೆಯಿರಿ.

ಸಾಯುವ ಯೋಚನೆಯ ಬಗ್ಗೆ ನೇರವಾಗಿ ಕೇಳಿ: "ಬದುಕೋದೇ ಬೇಡ ಅನ್ಸುತ್ತಾ? ಏನಾದ್ರೂ ಮಾಡ್ಕೋಬೇಕು ಅಂತ ಯೋಚನೆ ಬಂದಿದ್ಯಾ? ಹೇಗೆ ಅಂತ ಯೋಚಿಸಿದೀರಾ?" ಕೇಳಿದರೆ ಆ ಯೋಚನೆ ಬರುತ್ತದೆ ಎಂಬುದು ತಪ್ಪು. ಹೌದು ಎಂದರೆ ಅವರ ಜೊತೆ ಕೂತು, ಅವರದೇ ಮಾತಿನಲ್ಲಿ ಒಂದು ಹಾಳೆ ಬರೆಯಿರಿ:

- ಯೋಚನೆ ಶುರುವಾಗುವ ಸುಳಿವು
- ಆಗ ತಾನೊಬ್ಬನೇ ಮಾಡಬಹುದಾದದ್ದು
- ಗಮನ ಬೇರೆ ಕಡೆ ಹೋಗುವಂತೆ ಸೇರಬಹುದಾದ ಜನ, ಜಾಗ
- ವಿಷಯ ಬಿಚ್ಚಿ ಹೇಳಬಹುದಾದ ಮನೆಯವರು, ಸ್ನೇಹಿತರು, ಅವರ ನಂಬರ್
- ಡಾಕ್ಟರು, ಆಸ್ಪತ್ರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 (ದಿನದ 24 ಗಂಟೆ, ಕನ್ನಡದಲ್ಲೂ)
- ಮನೆಯಿಂದ ತೆಗೆದಿಡಬೇಕಾದ ವಸ್ತುಗಳು

ಕೊನೆಯದನ್ನು ನೀವಿರುವಾಗಲೇ ಮಾಡಿಸಿ. ಹಳ್ಳಿಯಲ್ಲಿ ಮೊದಲ ವಸ್ತು ಬೆಳೆಗೆ ಹೊಡೆಯುವ ಔಷಧಿ. ಅದು ಮನೆಯಲ್ಲೂ ಬೇಡ, ತೋಟದ ಶೆಡ್ಡಿನಲ್ಲೂ ಬೇಡ, ಸದ್ಯಕ್ಕೆ ಬೇರೆಯವರ ಬೀಗದೊಳಗೆ. ಮಾತ್ರೆಗಳನ್ನು ಒಂದು ವಾರದ್ದು ಮಾತ್ರ ಹೊರಗಿಡಿ. ಲಿಥಿಯಂ, ಖಿನ್ನತೆಯ ಮಾತ್ರೆ ಅಮಿಟ್ರಿಪ್ಟಿಲಿನ್‌ನಂಥವನ್ನು ಒಂದೇ ಸಲ ಬಹಳ ನುಂಗಿದರೆ ಪ್ರಾಣಕ್ಕೆ ಅಪಾಯ. ಇನ್ಸುಲಿನ್ ಅನ್ನೂ ಮರೆಯಬೇಡಿ, ಫ್ರಿಜ್ಜಿನಲ್ಲಿರುವುದರಿಂದ ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಹೇಗೆ, ಯಾವಾಗ ಎಂದು ನಿಶ್ಚಯಿಸಿಕೊಂಡಿರುವವರನ್ನು ಒಬ್ಬರೇ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಹಾಸಿಗೆ ಹಿಡಿದವರಿಗೆ

ಪಾರ್ಶ್ವವಾಯು ಆಗಿರಲಿ, ಖಿನ್ನತೆಯಿಂದ ಮರಗಟ್ಟಿ ಮಲಗಿರಲಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿ ಓರೆಯಾಗಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಬೆಳ್ಳಗಾಗದೆ ಕೆಂಪಾಗಿಯೇ ಉಳಿದರೆ ಹುಣ್ಣು ಶುರುವಾಗಿದೆ. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದು, ಬಿಸಿ ಅಥವಾ ಗಡಸು ತಗಲುತ್ತದೆಯೇ ಎಂದು ಮುಟ್ಟಿ ನೋಡಿ. ಆ ಜಾಗ ತಿಕ್ಕಬೇಡಿ, ಟ್ಯೂಬಿನಂಥ ಗಾಳಿಯ ಬಳೆ ಇಡಬೇಡಿ, ಸುತ್ತಲಿನ ರಕ್ತ ಸಂಚಾರವನ್ನೇ ಅದು ತಡೆಯುತ್ತದೆ. ಹಿಮ್ಮಡಿಯನ್ನು ಮೀನಖಂಡದ ಕೆಳಗೆ ದಿಂಬಿಟ್ಟು ತೇಲಿಸಿ. ಊಟ ಕೊಡುವಾಗ ನೆಟ್ಟಗೆ ಕೂರಿಸಿ, ಆದ ಮೇಲೂ ಅರ್ಧ ಗಂಟೆ ಹಾಗೇ ಇರಲಿ.

ಭೇಟಿಯ ಲೆಕ್ಕ

ಮೊದಲ ತಿಂಗಳು ವಾರಕ್ಕೊಮ್ಮೆ, ಮುಂದಿನ ಎರಡು ತಿಂಗಳು ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಆಸ್ಪತ್ರೆಯಿಂದ ಬಿಡುಗಡೆಯಾದವರನ್ನು ಮೊದಲ ವಾರದೊಳಗೆ ನೋಡಲೇಬೇಕು, ಆತ್ಮಹತ್ಯೆಯ ಅಪಾಯ ಹೆಚ್ಚಿರುವ ದಿನಗಳವು. ಪ್ರತಿ ಭೇಟಿಯಲ್ಲೂ ಆರೈಕೆ ಮಾಡುವವರನ್ನು ಪಕ್ಕಕ್ಕೆ ಕರೆದು ಅವರ ನಿದ್ದೆ, ಅವರ ಬಿಪಿ, ಅವರ ಊಟ ವಿಚಾರಿಸಿ. ಅವರ ಬಿಪಿಯನ್ನೂ ಅದೇ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಬರೆಯಿರಿ. ಅವರಿಗೆ ಬಿಡುವು ಸಿಗಲು ವಾರಕ್ಕೆ ಅರ್ಧ ದಿನ ಯಾರು ಬರುತ್ತಾರೆ ಎಂಬ ಹೆಸರು, ವಾರ, ಹೊತ್ತು ಗೊತ್ತಾಗದೆ ಆ ಮನೆಯಿಂದ ಏಳಬೇಡಿ.